ಎರಡು ವರ್ಷ ಹಳೆಯದೇ ವರ್ಷದ ಹೊಸತು

ಡಿಸೆಂಬರ್ ಹತ್ತಿರವಾದಂತೆ ಪಟ್ಟಿಗಳ ಸುಗ್ಗಿ ಶುರುವಾಗುತ್ತದೆ. ವರ್ಷದ ಹತ್ತು ಉತ್ತಮ ಫೋನು, ವರ್ಷದ ಐದು ಅದ್ಭುತ ಗ್ಯಾಜೆಟ್ಟು, ಕೊಳ್ಳಲೇಬೇಕಾದ ಏಳು ವಸ್ತು. ಅದರ ಬೆನ್ನಿಗೇ ಓದುಗರ ಪ್ರಶ್ನೆಯೂ ಬರುತ್ತದೆ: ಇಷ್ಟರಲ್ಲಿ ನಿಜಕ್ಕೂ ಲೆಕ್ಕಕ್ಕೆ ಹಿಡಿಯಬೇಕಾದದ್ದು ಯಾವುದು? ಡಿಸೆಂಬರಿನಲ್ಲೇ ಇದಕ್ಕೆ ಉತ್ತರ ಹೇಳುವುದೆಂದರೆ ಮದುವೆ ಮಂಟಪದಲ್ಲಿ ಕೂತ ಗಂಡು ಹೆಣ್ಣನ್ನು ಸಂಸಾರ ಹೇಗೆ ನಡೀತಿದೆ ಎಂದು ಕೇಳಿದ ಹಾಗೆ. ಟೈಮ್ ಪತ್ರಿಕೆ 2023ರ ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಯಲ್ಲಿ ಹ್ಯುಮೇನ್ ಕಂಪನಿಯ ಎಐ ಪಿನ್‌ಗೆ ಜಾಗ ಕೊಟ್ಟಾಗ ಅದಿನ್ನೂ ಗಿರಾಕಿಗಳ ಕೈಗೇ ಸೇರಿರಲಿಲ್ಲ. ಮುಂದೆ ಅದರ ಗತಿ ಏನಾಯಿತೆಂದು ಈಗ ಎಲ್ಲರಿಗೂ ಗೊತ್ತು. ಹಾಗಾಗಿ ಧೂಳು ಅಡಗಿದ ಮೇಲೆ 2024ರ ಲೆಕ್ಕ ತೆಗೆಯುವುದು ವಾಸಿ. ನನ್ನ ಉತ್ತರ ಕೆಲವರಿಗೆ ಸಪ್ಪೆ ಎನಿಸಬಹುದು. ಆ ವರ್ಷದ ಅತಿ ಮುಖ್ಯ ಗ್ರಾಹಕ ವಸ್ತು ಆ ವರ್ಷ ಹುಟ್ಟಿದ್ದೇ ಅಲ್ಲ. 2022ರ ಸೆಪ್ಟೆಂಬರಿನಿಂದ ಅಂಗಡಿಯಲ್ಲಿದ್ದ, ಜನ ಹಾಡು ಕೇಳಲೆಂದು ಕೊಂಡಿದ್ದ ಒಂದು ಜೊತೆ ಇಯರ್‌ಬಡ್ ಅದು. 2024ರ ಅಕ್ಟೋಬರಿನಲ್ಲಿ ಬಂದ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಅದನ್ನು ಶ್ರವಣ ಸಾಧನವನ್ನಾಗಿ ಮಾಡಿತು.

ಹಾಗೇಕೆ ಹೇಳುತ್ತೇನೆ ಎಂದು ತಿಳಿಯಲು ಅದೇ ವರ್ಷ ಸೋತ ವಸ್ತುಗಳನ್ನು ಮೊದಲು ನೋಡಬೇಕು. ಎಐ ಪಿನ್ ಎಂದರೆ ಅಂಗಿಯ ಎದೆಗೆ ಅಯಸ್ಕಾಂತದಿಂದ ಅಂಟಿಸಿಕೊಳ್ಳುವ ಬಿಲ್ಲೆ. ಬೆಲೆ 699 ಡಾಲರ್, ಅದರ ಮೇಲೆ ತಿಂಗಳಿಗೆ 24 ಡಾಲರ್ ಚಂದಾ ಇತ್ತು. ಅದಕ್ಕೆ ಪರದೆ ಇಲ್ಲ. ಬೆರಳಿಂದ ತಟ್ಟಿ ಪ್ರಶ್ನೆ ಕೇಳಿದರೆ ದೂರದ ಸರ್ವರಿಗೆ ಹೋಗಿ ಉತ್ತರ ತರುತ್ತಿತ್ತು. ಓದಬೇಕೆಂದರೆ ಅಂಗೈ ಚಾಚಬೇಕಿತ್ತು, ಅದರ ಮೇಲೆ ಹಸಿರು ಲೇಸರ್ ಬೆಳಕಿನಲ್ಲಿ ಅಕ್ಷರ ಮೂಡುತ್ತಿತ್ತು. ಕಲ್ಪನೆ ಸೊಗಸಾಗಿಯೇ ಇತ್ತು. ಕಟ್ಟಿದವರೂ ಸಾಮಾನ್ಯರಲ್ಲ, ಆ್ಯಪಲ್‌ನಲ್ಲಿ ಪಳಗಿದ ಇಮ್ರಾನ್ ಚೌಧರಿ ಮತ್ತು ಬೆಥನಿ ಬೊಂಜೊರ್ನೊ. ಆದರೆ 2024ರ ಏಪ್ರಿಲ್‌ನಲ್ಲಿ ವಿಮರ್ಶಕರ ಕೈಗೆ ಬಂದಾಗ ಉತ್ತರ ತಡ, ಬಿಸಿ ಬೇಗ. ಬಿಸಿಲಿಗೆ ನಿಂತರೆ ಅಂಗೈ ಅಕ್ಷರ ಮಾಯ. ಜೂನ್‌ನಲ್ಲಿ, ಚಾರ್ಜ್ ಮಾಡುವ ಡಬ್ಬಿಯಿಂದ ಬೆಂಕಿಯ ಅಪಾಯವಿದೆ, ಬಳಸಬೇಡಿ ಎಂದು ಕಂಪನಿಯೇ ಹೇಳಬೇಕಾಯಿತು. 2025ರ ಫೆಬ್ರವರಿಯಲ್ಲಿ ಅದರ ತಂತ್ರಜ್ಞಾನವನ್ನು ಎಚ್‌ಪಿ 11.6 ಕೋಟಿ ಡಾಲರಿಗೆ ಕೊಂಡಿತು, ಪಿನ್ನನ್ನು ಮಾತ್ರ ಕೊಳ್ಳಲಿಲ್ಲ. ಆ ತಿಂಗಳ 28ರಂದು ಸರ್ವರ್ ನಿಂತಿತು. ಏಳುನೂರು ಡಾಲರ್ ಕೊಟ್ಟವರ ಎದೆಯ ಮೇಲೆ ಉಳಿದದ್ದು ಅಂದದ ಒಂದು ಗುಂಡಿ.

ರ‍್ಯಾಬಿಟ್ ಆರ್1 ಎಂಬ ಕಿತ್ತಳೆ ಬಣ್ಣದ ಎಐ ಪೆಟ್ಟಿಗೆಯದ್ದು ಹೆಚ್ಚುಕಡಿಮೆ ಇದೇ ಕಥೆ. 199 ಡಾಲರ್ ಆದದ್ದರಿಂದ ಶಾಪವೂ ಕಡಿಮೆ ತಟ್ಟಿತು. ಅದರ ಸಾಫ್ಟ್‌ವೇರನ್ನು ಆಂಡ್ರಾಯ್ಡ್ ಫೋನಿನಲ್ಲೇ ಓಡಿಸಬಹುದೆಂದು ಕೆಲವರು ಮಾಡಿ ತೋರಿಸಿದ ಮೇಲೆ, ಹಾಗಾದರೆ ಈ ಪೆಟ್ಟಿಗೆ ಯಾಕೆ ಎಂಬ ಪ್ರಶ್ನೆಗೆ ಸಮಾಧಾನ ಸಿಗಲಿಲ್ಲ. ಆ್ಯಪಲ್ಲಿನ ವಿಷನ್ ಪ್ರೊ ಹೆಡ್‌ಸೆಟ್ಟನ್ನು ಇವೆರಡರ ಜೊತೆ ಒಂದೇ ಸಾಲಿಗೆ ಕೂರಿಸುವುದು ಅನ್ಯಾಯ. ಹೇಳಿದ್ದನ್ನು ಅದು ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ 3,499 ಡಾಲರ್ ಕೊಟ್ಟು, ಅರ್ಧ ಕಿಲೋಗಿಂತ ಹೆಚ್ಚು ಭಾರವನ್ನು ಮುಖಕ್ಕೆ ಬಿಗಿದುಕೊಂಡು, ಎರಡು ಗಂಟೆಗೆ ಮುಗಿಯುವ ಬ್ಯಾಟರಿಯನ್ನು ವೈರು ಎಳೆದು ಜೇಬಿನಲ್ಲಿಟ್ಟುಕೊಂಡು ನೋಡಬೇಕಾದದ್ದು ಏನು ಎಂಬುದಕ್ಕೆ ಅದರ ಬಳಿ ಗಟ್ಟಿ ಉತ್ತರ ಇರಲಿಲ್ಲ. ಮೂರಕ್ಕೂ ಸಮಾನವಾದ ಒಂದು ಅಂಶವಿದೆ. ಮೂರೂ ನಮ್ಮ ಮೈಮೇಲೆ ಹೊಸದೊಂದು ಜಾಗ ಕೇಳಿದವು. ಎದೆಯ ಮೇಲೆ, ಇನ್ನೊಂದು ಜೇಬಿನಲ್ಲಿ, ಮುಖದ ತುಂಬ. ಜಾಗ ಕೇಳುವವರು ಬಾಡಿಗೆ ಕೊಡಬೇಕು. ಇವು ಕೊಟ್ಟದ್ದು ಮುಂಗಡದ ಮಾತು ಮಾತ್ರ.

ಈಗ ಇಯರ್‌ಬಡ್ ಕಡೆಗೆ ಬರೋಣ. ಆ್ಯಪಲ್ಲಿನ ಏರ್‌ಪಾಡ್ಸ್ ಪ್ರೊ ಎರಡನೆಯ ಪೀಳಿಗೆಗೆ ಶ್ರವಣ ಸಾಧನವಾಗಿ ಕೆಲಸ ಮಾಡುವ ಸಾಫ್ಟ್‌ವೇರನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಸೆಪ್ಟೆಂಬರ್ 12ರಂದು ಅಂಗೀಕರಿಸಿತು. ವೈದ್ಯರ ಚೀಟಿಯಿಲ್ಲದೆ ಸಿಗುವ ಶ್ರವಣ ಸಾಧನವಾಗಿ ಬರೀ ಸಾಫ್ಟ್‌ವೇರಿಗೆ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು. ಅದಕ್ಕೆ ಆಧಾರ 118 ಮಂದಿಯ ಮೇಲೆ ನಡೆದ ಪರೀಕ್ಷೆ. ಸಾಧನವನ್ನು ತಾವೇ ಹೊಂದಿಸಿಕೊಂಡವರಿಗೂ ತಜ್ಞರಿಂದ ಹೊಂದಿಸಿಕೊಂಡವರಿಗೂ ಅನುಭವಕ್ಕೆ ಬಂದ ಪ್ರಯೋಜನ ಬಹುಮಟ್ಟಿಗೆ ಒಂದೇ ಎಂದು ಅದು ತೋರಿಸಿತು. ಅಕ್ಟೋಬರ್ ಕೊನೆಯಲ್ಲಿ ಅಪ್‌ಡೇಟ್ ಹೊರಬಂದ ದಿನ, ಅನುಮತಿ ಇದ್ದ ದೇಶಗಳಲ್ಲಿ ಈ ಬಡ್ ಇದ್ದವರು ಇನ್ನೊಂದು ಪೈಸೆ ಖರ್ಚಿಲ್ಲದೆ ಒಂದು ವೈದ್ಯಕೀಯ ಉಪಕರಣದ ಒಡೆಯರಾದರು. ಹೊಸ ಡಬ್ಬ ಬಿಚ್ಚುವ ಸಂಭ್ರಮ ಇಲ್ಲದ್ದರಿಂದ ಯೂಟ್ಯೂಬಿನವರಿಗೆ ಇದರಲ್ಲಿ ತೋರಿಸಲು ಅಷ್ಟೇನೂ ಇರಲಿಲ್ಲ.

ಇದು ಯಾಕೆ ದೊಡ್ಡದು ಎಂದು ತಿಳಿಯಬೇಕಾದರೆ ವಯಸ್ಸಾದವರ ಕಿವಿಗೆ ಏನಾಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಿವಿ ಮಂದವಾಯಿತು ಎಂದರೆ ಎಲ್ಲ ಸದ್ದೂ ಒಂದೇ ಸಮ ಸಣ್ಣದಾಯಿತು, ರೇಡಿಯೋದ ವಾಲ್ಯೂಮ್ ತಗ್ಗಿಸಿದ ಹಾಗಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದು ಕೀರಲು ಸದ್ದುಗಳು, ಅಂದರೆ ಹೆಚ್ಚಿನ ಆವರ್ತನದ ಶಬ್ದಗಳು. ಮಾತಿನಲ್ಲಿ ಅ, ಆ, ಉ, ಓ ಮುಂತಾದ ಸ್ವರಗಳು ತಗ್ಗಿನ ಆವರ್ತನದವು, ಬಲವೂ ಅವಕ್ಕೆ ಹೆಚ್ಚು. ಸ, ಶ, ಚ, ಕ, ತ, ಹ ಇವೆಲ್ಲ ಎತ್ತರದಲ್ಲಿರುವ, ಉಸಿರಿನಷ್ಟು ತೆಳುವಾದ ಸದ್ದುಗಳು. ಈಗ ಹಾಲು, ಕಾಲು, ಸಾಲು, ಪಾಲು ಎಂಬ ನಾಲ್ಕು ಮಾತುಗಳನ್ನು ತೆಗೆದುಕೊಳ್ಳಿ. ವ್ಯತ್ಯಾಸವೆಲ್ಲ ಮೊದಲ ವ್ಯಂಜನದಲ್ಲಿದೆ. ಅದು ಕಿವಿಗೆ ಬೀಳದಿದ್ದರೆ ನಾಲ್ಕೂ 'ಆಲು'. ಅಜ್ಜಿಗೆ ದನಿ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಅದಕ್ಕೇ ಅವರು ಬಾಯೊಳಗೇ ಮಾತಾಡಬೇಡ, ಬಿಡಿಸಿ ಹೇಳು ಎನ್ನುತ್ತಾರೆ. ನಾವು ಗಂಟಲು ಹರಿದುಕೊಳ್ಳುತ್ತೇವೆ. ಕೂಗಿದರೆ ಮೊದಲೇ ಗಟ್ಟಿಯಾಗಿದ್ದ ಸ್ವರ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ತೆಳು ವ್ಯಂಜನ ಅಷ್ಟಾಗಿ ಮೇಲೇಳುವುದಿಲ್ಲ. ಆಗ ಬರುವ ಉತ್ತರ ಎಲ್ಲ ಮನೆಯಲ್ಲೂ ಒಂದೇ: ಯಾಕಪ್ಪಾ ಹಾಗೆ ಕಿರುಚ್ತೀಯ, ನನಗೇನು ಕಿವುಡೇ? ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿದೆ.

ಈ ಕಾರಣಕ್ಕೆ ಎಲ್ಲ ಸದ್ದನ್ನೂ ಸಮನಾಗಿ ಹಿಗ್ಗಿಸುವ ಅಗ್ಗದ ಕಿವಿ ಮಿಷನ್ ಬಹಳ ಸಲ ಬೀರು ಸೇರುತ್ತದೆ. ಅದರಲ್ಲಿ ಪಾತ್ರೆ ಬಿದ್ದ ಸದ್ದು, ಫ್ಯಾನಿನ ಗುಂಯ್ ಎನ್ನುವ ದನಿ, ಕುಕ್ಕರ್ ಸೀಟಿ ಎಲ್ಲವೂ ತಲೆಗೆ ಹೊಡೆಯುತ್ತವೆ, ಮಾತು ಮಾತ್ರ ಇದ್ದಲ್ಲೇ ಇರುತ್ತದೆ. ಒಳ್ಳೆಯ ಶ್ರವಣ ಸಾಧನ ಮಾಡುವ ಕೆಲಸ ಬೇರೆ. ಯಾವ ಕಿವಿಯಲ್ಲಿ, ಯಾವ ಆವರ್ತನದಲ್ಲಿ ಎಷ್ಟು ಕೊರತೆ ಇದೆಯೋ ಅಲ್ಲಿ ಅಷ್ಟನ್ನೇ ತುಂಬುತ್ತದೆ. ಅದಕ್ಕೆ ಮೊದಲು ಅಳತೆ ಆಗಬೇಕು. ಈ ಬಡ್ಡಿನ ಮಟ್ಟಿಗೆ ಆ ಅಳತೆ ಫೋನಿನಲ್ಲೇ ನಡೆಯುತ್ತದೆ. ಗದ್ದಲವಿಲ್ಲದ ಕೋಣೆಯಲ್ಲಿ ಕೂರಬೇಕು. ಬಡ್ಡು ಕಿವಿಗೆ ಸರಿಯಾಗಿ ಕೂತಿದೆಯೇ, ಸುತ್ತ ಸದ್ದಿದೆಯೇ ಎಂದು ಅದೇ ನೋಡಿಕೊಳ್ಳುತ್ತದೆ. ಆಮೇಲೆ ಒಂದೊಂದು ಕಿವಿಯಲ್ಲಿ ಬೇರೆ ಬೇರೆ ಸ್ವರದ ಬೀಪ್, ಒಮ್ಮೆ ಸ್ಪಷ್ಟವಾಗಿ, ಒಮ್ಮೆ ಕೇಳಿತೋ ಇಲ್ಲವೋ ಎನ್ನುವಷ್ಟು ಮೆತ್ತಗೆ. ಕೇಳಿದಾಗಲೆಲ್ಲ ಪರದೆ ತಟ್ಟಬೇಕು. ಸುಮಾರು ಐದು ನಿಮಿಷದಲ್ಲಿ ಎರಡೂ ಕಿವಿಯ ನಕ್ಷೆ ಡೆಸಿಬೆಲ್ ಲೆಕ್ಕದಲ್ಲಿ ಸಿದ್ಧ. ಕೊರತೆ 26ರಿಂದ 60 ಡೆಸಿಬೆಲ್ ಒಳಗಿದ್ದರೆ, ಅಂದರೆ ಅಲ್ಪ ಅಥವಾ ಮಧ್ಯಮ ಮಟ್ಟದ್ದಾಗಿದ್ದರೆ, ಆ ನಕ್ಷೆಯಂತೆ ಬಡ್ಡು ಹೊರಗಿನ ಮಾತನ್ನು ಮೈಕಿನಿಂದ ಹಿಡಿದು, ತಿದ್ದಿ ಒಳಗೆ ಬಿಡುತ್ತದೆ.

ಆದರೆ ತಂತ್ರಜ್ಞಾನ ಇಲ್ಲಿ ಅರ್ಧ ಕಥೆ ಮಾತ್ರ. ಬೋಸ್ ಕಂಪನಿ 2018ರಲ್ಲೇ, ಬಳಸುವವರು ತಾವೇ ಹೊಂದಿಸಿಕೊಳ್ಳುವ ಶ್ರವಣ ಸಾಧನಕ್ಕೆ ಎಫ್‌ಡಿಎ ಒಪ್ಪಿಗೆ ಪಡೆದಿತ್ತು. 2021ರಲ್ಲಿ ಸುಮಾರು 850 ಡಾಲರಿಗೆ ಮಾರಾಟಕ್ಕೂ ಇಟ್ಟಿತು. ಮರುವರ್ಷವೇ ಆ ವ್ಯಾಪಾರದಿಂದ ಹಿಂದೆ ಸರಿಯಿತು. ನನಗೆ ಕಾಣುವ ಕಾರಣ ಇಷ್ಟೇ: ಅದು ಶ್ರವಣ ಸಾಧನದ ಹಾಗೇ ಕಾಣುತ್ತಿತ್ತು, ಶ್ರವಣ ಸಾಧನವೆಂದೇ ಕೊಳ್ಳಬೇಕಿತ್ತು. ಕಣ್ಣು ಮಂಜಾದರೆ ನಾವು ಕನ್ನಡಕದಂಗಡಿಗೆ ಹೋಗಿ ಚೌಕಟ್ಟು ಆರಿಸುತ್ತೇವೆ, ಮುಖಕ್ಕೆ ಒಪ್ಪುತ್ತದೆಯೇ ಎಂದು ಕನ್ನಡಿ ನೋಡುತ್ತೇವೆ. ಕಿವಿ ಮಂದವಾದರೆ ಮೊದಲು ಒಪ್ಪಿಕೊಳ್ಳುವುದಿಲ್ಲ, ಒಪ್ಪಿದ ಮೇಲೆ ಕಾಣದಷ್ಟು ಚಿಕ್ಕದು ಕೊಡಿ ಎನ್ನುತ್ತೇವೆ. ಕನ್ನಡಕಕ್ಕೆ ಅಂದಚೆಂದ ಬಂತು, ಕಿವಿ ಮಿಷನ್ನಿಗೆ ಮರೆಮಾಚುವ ಕೆಲಸವೇ ಗಂಟು ಬಿತ್ತು. ನಮ್ಮ ನಾಟಕ, ಸಿನಿಮಾಗಳು ಕಣ್ಣು ಕಾಣದವರನ್ನು ಕಂಡು ಮರುಗುತ್ತವೆ, ಕಿವಿ ಕೇಳದವರನ್ನು ತೋರಿಸಿ ನಗಿಸುತ್ತವೆ. ಜಾಣ ಕಿವುಡು ಎಂಬ ಮಾತಿದೆ. ಕೇಳಿಸದವರು ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಎಂಬ ಅನುಮಾನ ಭಾಷೆಯಲ್ಲೇ ಕೂತಿದೆ. ಅಂಥಲ್ಲಿ ಕಾಲೇಜು ಹುಡುಗರ ಕಿವಿಯಲ್ಲಿರುವುದೇ ತಾತನ ಕಿವಿಯಲ್ಲೂ ಇದ್ದರೆ ತಾತ ಕಿವುಡ ಎಂದು ಯಾರೂ ಅಂದುಕೊಳ್ಳುವುದಿಲ್ಲ, ಹಾಡು ಕೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. (ಅದರಲ್ಲಿ ಇನ್ನೊಂದು ಪೇಚು ಇದೆ ಎನ್ನಿ. ಆರತಕ್ಷತೆಯಲ್ಲಿ ಎದುರು ನಿಂತವರು ಕಿವಿಯಲ್ಲಿ ಬಿಳಿ ಬಡ್ಡು ಸಿಕ್ಕಿಸಿಕೊಂಡೇ ಮಾತಾಡಿದರೆ ಎಂಥ ಅಹಂಕಾರ ಎಂದುಕೊಳ್ಳುವ ಬೀಗರೂ ಇರುತ್ತಾರೆ.)

ಒಂದು ಮಾತು ಇಲ್ಲಿ ಸೇರಬೇಕು. ಇದು ಒಂದೇ ಕಂಪನಿಯ ಜಾಣ್ಮೆಯಲ್ಲ. ಅಮೆರಿಕದ ಸಂಸತ್ತು 2017ರಲ್ಲಿ ಕಾನೂನು ಮಾಡಿ, ಅದರ ನಿಯಮ 2022ರ ಅಕ್ಟೋಬರಿನಲ್ಲಿ ಜಾರಿಗೆ ಬಂದು, ವಯಸ್ಕರು ಅಲ್ಪ ಹಾಗೂ ಮಧ್ಯಮ ಕೊರತೆಗೆ ಚೀಟಿಯಿಲ್ಲದೆ ಸಾಧನ ಕೊಳ್ಳಬಹುದು ಎಂದಾದ ಮೇಲೆಯೇ ಇದಕ್ಕೆ ದಾರಿಯಾದದ್ದು. ವಸ್ತುವಿಗಿಂತ ಮುಂಚೆ ನಿಯಮ ಬಂತು. ವರ್ಷದ ಉತ್ತಮ ಉತ್ಪನ್ನಗಳ ಪಟ್ಟಿಯಲ್ಲಿ ಯಾರೂ ಕಾಯ್ದೆಯ ಹೆಸರು ಸೇರಿಸುವುದಿಲ್ಲ.

ಇನ್ನು ಆಕ್ಷೇಪಗಳು. ಇದು ಉಳ್ಳವರ ಆಟಿಕೆ ತಾನೇ ಎನ್ನುವುದು ಮೊದಲನೆಯದು. ಅಮೆರಿಕದಲ್ಲಿ 2024ರಲ್ಲಿ ಇದರ ಬೆಲೆ 249 ಡಾಲರ್ ಇತ್ತು. ಅಲ್ಲಿ ತಜ್ಞರು ಹೊಂದಿಸಿ ಕೊಡುವ ಒಂದು ಜೊತೆ ಸಾಧನಕ್ಕೆ ಸಾವಿರಾರು ಡಾಲರ್ ಆಗುತ್ತದೆ, ಹಾಗಾಗಿ ಅಲ್ಲಿಗೆ ಇದು ಅಗ್ಗ. ಇಲ್ಲಿ ಆಗ 24,900 ರೂಪಾಯಿ ಇತ್ತು, ಜೊತೆಗೆ ಅದೇ ಕಂಪನಿಯ ಫೋನೋ ಐಪ್ಯಾಡೋ ಬೇಕು. ನಮ್ಮ ಬಹುಪಾಲು ಮನೆಗಳಿಗೆ ಇದು ಅಗ್ಗವಲ್ಲ, ಒಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಚಿಕಿತ್ಸೆಯೋ ಸಾಧನವೋ ಬೇಕಾಗುವಷ್ಟು ಶ್ರವಣದೋಷ ಇರುವವರು ಜಗತ್ತಿನಲ್ಲಿ 43 ಕೋಟಿ, ಅವರಲ್ಲಿ ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶದವರು. ಅವರಿಗೆ ಈ ಬಡ್ಡು ನೇರವಾಗಿ ತಲುಪುವುದಿಲ್ಲ. ಆದರೆ ಮೈಕು, ಚಿಪ್ಪು, ಬ್ಯಾಟರಿ ಮೊದಲೇ ಇರುವ ಇಯರ್‌ಬಡ್ಡಿಗೆ ಈ ಕೆಲಸ ಕಲಿಸಲು ಬೇಕಾದದ್ದು ಮುಖ್ಯವಾಗಿ ಸಾಫ್ಟ್‌ವೇರ್ ಎಂದು ಒಮ್ಮೆ ಸಾಬೀತಾದ ಮೇಲೆ, ಎರಡು ಸಾವಿರ ರೂಪಾಯಿಯ ಬಡ್ಡು ಮಾಡುವವರು ಅದರತ್ತ ನೋಡದೆ ಇರಲಾರರು. ಇನ್ನೊಂದು ಆಕ್ಷೇಪ, ಇದು ನಿಜವಾದ ಶ್ರವಣ ಸಾಧನಕ್ಕೆ ಸಾಟಿಯಲ್ಲ ಎಂಬುದು. ಅದೂ ಸರಿ. ಬ್ಯಾಟರಿ ಆರು ಗಂಟೆ ಬಂದರೆ ಹೆಚ್ಚು, ಶ್ರವಣ ಸಾಧನ ಬೆಳಗಿನಿಂದ ರಾತ್ರಿಯವರೆಗೆ ಬರಬೇಕು. ತೀವ್ರ ಕಿವುಡುತನಕ್ಕೆ ಇದು ಉಪಯೋಗವಿಲ್ಲ, ಮಕ್ಕಳಿಗೆ ಸಲ್ಲದು. ಆದರೆ ಬಡ್ಡನ್ನು ಹೋಲಿಸಬೇಕಾದದ್ದು ಒಳ್ಳೆಯ ಸಾಧನದ ಜೊತೆಯಲ್ಲ. ಏನನ್ನೂ ಹಾಕಿಕೊಳ್ಳದೆ, ಕೇಳಿಸಿತೆಂಬಂತೆ ತಲೆಯಾಡಿಸುತ್ತಾ ಮೂಲೆಯಲ್ಲಿ ಕೂರುವ ಸ್ಥಿತಿಯ ಜೊತೆ. ಅಲ್ಪ ಕೊರತೆ ಇರುವವರಲ್ಲಿ ಬಹಳಷ್ಟು ಮಂದಿ ಇರುವುದು ಅಲ್ಲೇ.

ಸೋತವರ ಪರವಾಗಿಯೂ ಒಂದು ವಾದವಿದೆ. ಪಿನ್ನು, ಪೆಟ್ಟಿಗೆಗಳ ಹಾಗೆ ಸಾಹಸ ಮಾಡುವವರು ಇಲ್ಲದಿದ್ದರೆ ಹೊಸತು ಹುಟ್ಟುವುದು ಹೇಗೆ, ಇದ್ದದ್ದಕ್ಕೇ ತೇಪೆ ಹಾಕುತ್ತಾ ಕೂರಬೇಕೇ? ಸೋಲಬಾರದೆಂದು ನಾನು ಹೇಳುತ್ತಿಲ್ಲ. ಸೋಲಿನ ಖರ್ಚನ್ನು ಹೊತ್ತವರು ಯಾರು ಎಂದು ಕೇಳುತ್ತಿದ್ದೇನೆ. ಪ್ರಯೋಗಾಲಯದಲ್ಲಿ ಆಗಬೇಕಿದ್ದ ಪರೀಕ್ಷೆಯನ್ನು ಗಿರಾಕಿಯ ದುಡ್ಡಿನಲ್ಲಿ, ಚಂದಾ ಸಮೇತ ನಡೆಸಿದರೆ ಅದು ಸಾಹಸವಲ್ಲ. ಅದೂ ಅಲ್ಲದೆ, ಹೊಸತು ಎಂದರೆ ಹೊಸ ಆಕಾರ ಎಂಬ ನಂಬಿಕೆಯೇ ಇಲ್ಲಿ ದಾರಿ ತಪ್ಪಿಸಿದ್ದು. ಅದೇ ಹೊತ್ತಿಗೆ ಗೆದ್ದ ಇನ್ನೊಂದು ವಸ್ತುವನ್ನು ನೋಡಿ. ರೇ-ಬ್ಯಾನ್ ಮೆಟಾ ಕನ್ನಡಕ ಬಂದದ್ದು 2023ರ ಅಕ್ಟೋಬರಿನಲ್ಲಿ. ಎದುರಿಗಿರುವುದನ್ನು ನೋಡಿ ಉತ್ತರ ಹೇಳುವ ಎಐ ಅದಕ್ಕೆ ಸೇರಿದ್ದು ಮುಂದಿನ ಏಪ್ರಿಲ್‌ನಲ್ಲಿ, ಅದೂ ಅಪ್‌ಡೇಟ್ ಮೂಲಕ. ಎಐ ಪಿನ್ ಮಾಡುತ್ತೇನೆಂದ ಕೆಲಸಗಳಲ್ಲಿ ಹಲವನ್ನು ಅದು ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾಡಿತು. 20 ಲಕ್ಷಕ್ಕೂ ಮೀರಿ ಮಾರಾಟವಾದದ್ದಕ್ಕೆ ಮುಖ್ಯ ಕಾರಣ, ಅದು ಕನ್ನಡಕದ ಹಾಗೆಯೇ ಇತ್ತು. ಅದೇ ಅದರ ಅಪಾಯವೂ ಹೌದು. ಕ್ಯಾಮೆರಾ ಇದೆಯೆಂದು ಎದುರಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಅದನ್ನು ಮುಖ ಗುರುತಿಸುವ ಸಾಫ್ಟ್‌ವೇರಿಗೆ ಜೋಡಿಸಿ, ದಾರಿಹೋಕರ ಹೆಸರು ವಿಳಾಸ ಪತ್ತೆ ಹಚ್ಚಬಹುದೆಂದು 2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ತೋರಿಸಿಕೊಟ್ಟರು. ನನ್ನ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೆ ಇಳಿದದ್ದು ಈ ಕಾರಣದಿಂದ.

ನನ್ನ ವಾದಕ್ಕೆ ನಿಜವಾಗಿ ಪೆಟ್ಟು ಕೊಡುವ ಆಕ್ಷೇಪ ಬೇರೆಯೇ ಇದೆ, ಅದು ಹುಟ್ಟಿದ್ದು ಬೆಂಗಳೂರಿನಲ್ಲಿ. ಅಪ್‌ಡೇಟ್ ಬಂದಾಗ ಶ್ರವಣ ಸಾಧನದ ಸೌಲಭ್ಯ ಭಾರತದಲ್ಲಿ ತೆರೆದಿರಲಿಲ್ಲ. ವೈದ್ಯಕೀಯ ಉಪಕರಣವೆಂದರೆ ಆಯಾ ದೇಶದ ಅನುಮತಿ ಬೇಕು. ಇಲ್ಲಿ ಕೊಂಡ ಬಡ್ಡಿನಲ್ಲಿ ಅದೇ ಚಿಪ್ಪು, ಅದೇ ಮೈಕು. ಬಾಗಿಲಿಗೆ ಬೀಗ ಮಾತ್ರ. ಆ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಯುವ ತಂತ್ರಜ್ಞರು ತಮ್ಮ ಅಜ್ಜಿಯರಿಗಾಗಿ ಆ ಬೀಗ ತೆಗೆಯಲು ಹೊರಟರು. ಬಡ್ಡಿಗೆ ಜೋಡಿಸಿದ ಐಪ್ಯಾಡು ತಾನು ಯಾವ ದೇಶದಲ್ಲಿದ್ದೇನೆ ಎಂದು ತಿಳಿಯಲು ಸುತ್ತಲಿನ ವೈಫೈ ಗುರುತುಗಳನ್ನು ಮೂಸಿ ನೋಡುತ್ತದೆ. ಹಾಗಾಗಿ ಇವರು ಹೊರಗಿನ ತರಂಗ ಒಳಗೆ ಬರದಂತೆ ಲೋಹದ ಹಾಳೆ, ಜಾಲರಿ ಸುತ್ತಿದ ಪೆಟ್ಟಿಗೆ ಮಾಡಿದರು. ನುಸುಳಿ ಬಂದ ಅಷ್ಟಿಷ್ಟು ವೈಫೈಯನ್ನು ಮುಳುಗಿಸಲು ಮೈಕ್ರೋವೇವ್ ಒಲೆ ಓಡಿಸಿದರು, ಎರಡರದೂ ಹೆಚ್ಚುಕಡಿಮೆ ಒಂದೇ ಆವರ್ತನವಲ್ಲವೇ. ಒಳಗಿಟ್ಟ ಪುಟ್ಟ ಚಿಪ್ ಬೋರ್ಡಿನಿಂದ ಕ್ಯಾಲಿಫೋರ್ನಿಯಾದ ವೈಫೈಗಳ ಗುರುತು ಬಿತ್ತರಿಸಿದರು. ಐಪ್ಯಾಡು ತಾನು ಅಮೆರಿಕದಲ್ಲಿದ್ದೇನೆ ಎಂದು ನಂಬಿತು, ಬೀಗ ತೆರೆಯಿತು. ಅಡುಗೆಮನೆಯ ಸಾಮಾನಿನಲ್ಲಿ ಮಾಡಿದ ಈ ಕೆಲಸ ನಗು ತರಿಸುತ್ತದೆ. ಆದರೆ ಅದು ತೋರಿಸಿದ್ದು ನಗುವ ವಿಷಯವಲ್ಲ. ಅಪ್‌ಡೇಟ್ ಮೂಲಕ ಕೊಟ್ಟದ್ದನ್ನು ಅಪ್‌ಡೇಟ್ ಮೂಲಕವೇ ತಡೆಹಿಡಿಯಬಹುದು, ನಾಳೆ ಚಂದಾ ಕೇಳಬಹುದು. ಎಐ ಪಿನ್ ಸತ್ತ ರೀತಿಗೂ ಬಡ್ಡು ಬದುಕಿದ ರೀತಿಗೂ ನಡುವೆ ನಾವು ಎಣಿಸಿದಷ್ಟು ಅಂತರವಿಲ್ಲ. ಎರಡರ ಹಗ್ಗವೂ ಇನ್ನೊಬ್ಬರ ಕೈಯಲ್ಲಿದೆ. ನನ್ನ ಬಳಿ ಇದಕ್ಕೆ ಅರ್ಧ ಉತ್ತರ ಮಾತ್ರ ಇದೆ. ಬಡ್ಡಿನಲ್ಲಿ ಲೆಕ್ಕಾಚಾರ ನಡೆಯುವುದು ಕಿವಿಯೊಳಗಿನ ಚಿಪ್ಪಿನಲ್ಲಿ, ಪಿನ್ನಿನ ಹಾಗೆ ದೂರದ ಸರ್ವರಿನಲ್ಲಿ ಅಲ್ಲ. ಒಂದು ಸಲ ತೆರೆದ ಬಾಗಿಲು ಕಂಪನಿ ಮುಚ್ಚಿಹೋದ ದಿನವೇ ಮುಚ್ಚಿಕೊಳ್ಳುವುದಿಲ್ಲ. ಉಳಿದರ್ಧಕ್ಕೆ ಅಮೆರಿಕದಲ್ಲಾದ ಹಾಗೆ ಇಲ್ಲೂ ನಿಯಮವೇ ಆಗಬೇಕು. ಅಲ್ಪ ಶ್ರವಣದೋಷಕ್ಕೆ ಅಂಗಡಿಯಲ್ಲೇ ಸಾಧನ ಸಿಗಬಹುದೇ, ಸಿಕ್ಕರೆ ಅದರ ಗುಣಮಟ್ಟವನ್ನು ಪರೀಕ್ಷಿಸುವವರು ಯಾರು, ಕೊಟ್ಟ ಸೌಲಭ್ಯವನ್ನು ಹಿಂತೆಗೆದುಕೊಂಡರೆ ಹೊಣೆ ಯಾರದು ಎಂಬುದಕ್ಕೆ.

ಅಂದಹಾಗೆ, ಇದನ್ನು ಓದಿ ಮನೆಯ ಹಿರಿಯರಿಗೆ ಬಡ್ಡು ಕೊಳ್ಳಲು ಹೊರಟವರು ಸ್ವಲ್ಪ ತಾಳಬೇಕು. ಫೋನಿನ ಪರೀಕ್ಷೆ ಎಷ್ಟು ಕೇಳುತ್ತಿಲ್ಲ ಎಂದು ಹೇಳುತ್ತದೆ, ಯಾಕೆ ಕೇಳುತ್ತಿಲ್ಲ ಎಂದು ಹೇಳುವುದಿಲ್ಲ. ಒಂದೇ ಕಿವಿ ದಿಢೀರನೆ ಮಂದವಾಗಿದ್ದರೆ, ಕಿವಿ ಸೋರುತ್ತಿದ್ದರೆ, ತಲೆ ತಿರುಗುತ್ತಿದ್ದರೆ ಅದು ಗ್ಯಾಜೆಟ್ಟಿನ ವಿಷಯವೇ ಅಲ್ಲ, ಆ ದಿನವೇ ವೈದ್ಯರ ಬಳಿ ಹೋಗಬೇಕು. ಉಳಿದವರಿಗೆ ಊರಿನ ಆಡಿಯಾಲಜಿಸ್ಟ್ ಇದ್ದಾರೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಅಲ್ಲಿ ಕೂರಿಸಿ ಮೊದಲು ಮಾಡುವುದು ಕಿವಿಯೊಳಗೆ ಬೆಳಕು ಬಿಟ್ಟು ನೋಡುವುದು. ಎಷ್ಟೋ ಸಲ ಅಡ್ಡ ನಿಂತಿರುವುದು ಬರೀ ಗುಗ್ಗೆ.